ಬ್ಯಾರೆಟ್ಸ್ ಹೋಟೆಲಿನಲ್ಲಿ ಸೇರಿದ ಸೋದರರು

ನಮ್ಮ ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಒಮ್ಮೆ ಹಿರಿಯರೊಬ್ಬರು ದಾಖಲಾಗಿದ್ದರು. ಪತ್ನಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆದರೂ ಭೇಟಿಯ ವೇಳೆಯಲ್ಲಿ ಅವರ ಹಾಸಿಗೆಯ ಪಕ್ಕದ ಕುರ್ಚಿ ಬರಿದಾಗಿದ್ದುದನ್ನು ನಾನು ಕಾಣಲಿಲ್ಲ. "ಇವರೆಲ್ಲ ನಿಮ್ಮ ಬಂಧುಗಳೇ?" ಎಂದು ಕೇಳಿದೆ. ಅವರು ನಕ್ಕು ಕೋಟಿನ ಮೇಲಿನ ಪುಟ್ಟ ಬಿಲ್ಲೆಯನ್ನು ತೋರಿಸಿದರು. ಅದರಲ್ಲಿ ಒಂದು ಮೂಲೆಮಟ್ಟ, ಒಂದು ಕೈವಾರ. "ನಮ್ಮ ಲಾಡ್ಜಿನವರು, ಡಾಕ್ಟರೇ" ಎಂದರು.

ಲಾಡ್ಜ್ ಎಂದರೆ ನಮ್ಮೂರಿನಲ್ಲಿ ಬಾಡಿಗೆಗೆ ತಂಗುವ ಕೋಣೆ. ಇಲ್ಲಿ ಅದು ಫ್ರೀಮೇಸನ್ನರ ಸಭೆ. ಕಲ್ಲುಕುಟಿಗರ ಉಪಕರಣಗಳನ್ನೇ ನೀತಿಯ ಸಂಕೇತಗಳನ್ನಾಗಿ ಮಾಡಿಕೊಂಡ ಸೋದರಸಂಘವಿದು. ಸದಸ್ಯನಾಗುವವನಿಗೆ ಪರಮಶಕ್ತಿಯಲ್ಲಿ ನಂಬಿಕೆಯಿರಬೇಕು. ಸಭೆಯೊಳಗೆ ಮತ, ರಾಜಕೀಯಗಳ ವಾಗ್ವಾದ ಸಲ್ಲದು. ಸನ್ಯಾಸಕ್ಕೆ ಮುನ್ನ, 1884ರಲ್ಲಿ, ವಿವೇಕಾನಂದರೂ ಕಲ್ಕತ್ತೆಯ ಲಾಡ್ಜೊಂದನ್ನು ಸೇರಿದ್ದರು.

ನ್ಯೂಜಿಲೆಂಡಿನಲ್ಲಿ ಇದರ ಕಥೆ ವಲಸಿಗರ ಕಥೆಯೇ ಆಗಿದೆ. 1840ರ ಜನವರಿ 22ರಂದು 'ಅರೋರಾ' ಹಡಗು ಈಗಿನ ವೆಲಿಂಗ್ಟನ್ನಿನ ಕೊಲ್ಲಿಗೆ ಮೊದಲ ವಲಸಿಗರ ತಂಡವನ್ನು ತಂದಿತು. ಅದೇ ವರ್ಷ ತಿಮಿಂಗಿಲ ಬೇಟೆಗಾರ ಡಿಕಿ ಬ್ಯಾರೆಟ್ ಅಲ್ಲಿ ಹೋಟೆಲು ತೆರೆದ. 1842ರ ನವೆಂಬರ್ 9ರ ರಾತ್ರಿ ಕಡಲತಡಿಯಲ್ಲಿ ಬೆಂಕಿ ಬಿದ್ದು, ಜೊಂಡು ಹೊದಿಸಿದ ಮನೆ, ಅಂಗಡಿಗಳ ಸಾಲು ಸುಟ್ಟುಹೋಯಿತು. ಎರಡೇ ವಾರಗಳ ನಂತರ, ನವೆಂಬರ್ 23ರಂದು, ಬ್ಯಾರೆಟ್ಟನ ಹೋಟೆಲಿನಲ್ಲಿ 'ನ್ಯೂಜಿಲೆಂಡ್ ಪೆಸಿಫಿಕ್ ಲಾಡ್ಜ್' ಮೊದಲ ಬಾರಿಗೆ ಸೇರಿತು.

ಇಂಗ್ಲೆಂಡಿನಿಂದ ಅಧಿಕಾರಪತ್ರ ಬರಬೇಕಾದರೆ ಹಡಗು ಭೂಗೋಳವನ್ನೇ ಬಳಸಿ ಬರಬೇಕು. ಆದ್ದರಿಂದ ಸಿಡ್ನಿಯಿಂದ ತಾತ್ಕಾಲಿಕ ಅನುಮತಿ ಪಡೆದು ಕೆಲಸ ಆರಂಭಿಸಿದರು. ಎಂ.ಬಿ.ಬಿ.ಎಸ್., ಎಂ.ಡಿ. ಪದವಿಗಳನ್ನು ಕೈಯಲ್ಲಿ ಹಿಡಿದು ನೋಂದಣಿಗಾಗಿ ಕಾಯುತ್ತ ಕುಳಿತಿದ್ದ ನನ್ನ ಮೊದಲ ವರ್ಷ ಇಲ್ಲಿ ನೆನಪಾಗುತ್ತದೆ. ಮರುವರ್ಷವೇ ಆಕ್ಲೆಂಡಿನಲ್ಲಿ ಐರಿಷ್ ಆಶ್ರಯದ 'ಆರಾ ಲಾಡ್ಜ್', ಅಕಾರೋವಾದಲ್ಲಿ ಫ್ರೆಂಚರ ಲಾಡ್ಜ್ ತಲೆಯೆತ್ತಿದವು. ಹೀಗೆ ಬೇರೆ ಬೇರೆ ದೇಶಗಳತ್ತ ಮುಖ ಮಾಡಿದ್ದ ಲಾಡ್ಜುಗಳಲ್ಲಿ ಹಲವು ಒಗ್ಗೂಡಿ 1890ರಲ್ಲಿ ಈ ನೆಲದ್ದೇ ಆದ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿದವು. ಪ್ರಧಾನಿ ರಿಚರ್ಡ್ ಸೆಡನ್ ಕೂಡ ಅದರ ಗ್ರ್ಯಾಂಡ್ ಮಾಸ್ಟರ್ ಆಗಿದ್ದರು. ಆಕ್ಲೆಂಡ್ ವಿಶ್ವವಿದ್ಯಾಲಯದ ವೃದ್ಧರೋಗ ಚಿಕಿತ್ಸಾ ಪೀಠ ಇಂದಿಗೂ ಫ್ರೀಮೇಸನ್ನರ ಹೆಸರನ್ನು ಹೊತ್ತಿದೆ.

ಈ ಸೋದರತ್ವಕ್ಕೆ ಗೋಡೆಗಳೂ ಇದ್ದವು. ಸ್ತ್ರೀಯರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. 1839ರಲ್ಲಿ ಕೊಲ್ಲಿಯ ಭೂಮಿಯನ್ನು ಮಾವೊರಿಗಳಿಂದ ಕೊಂಡಾಗ ದುಭಾಷಿಯಾಗಿದ್ದವನು ಇದೇ ಬ್ಯಾರೆಟ್. ಅವನ ಅರೆಬರೆ ಅನುವಾದದಿಂದ ಹುಟ್ಟಿದ ಅನ್ಯಾಯದ ವಿಚಾರಣೆ ನಮ್ಮ ಕಾಲದವರೆಗೂ ನಡೆಯಿತು.

ನಾನು ಬಂದ ಹೊಸದರಲ್ಲಿ ನೆರೆಯವರೊಬ್ಬರು ಊರಿನ ಸಂಘವೊಂದಕ್ಕೆ ಕರೆದಿದ್ದರು. "ನಮ್ಮವರಿಲ್ಲದ ಕಡೆ ನನಗೇನು ಕೆಲಸ?" ಎಂದುಕೊಂಡು ಹೋಗಲಿಲ್ಲ. ಕನ್ನಡ ಕೂಟ ಬೇಕೇ ಬೇಕು. ಅಲ್ಲಿ ಯುಗಾದಿಯ ಬೇವು ಬೆಲ್ಲ ಸಿಗುತ್ತದೆ, ಮಕ್ಕಳ ಕಿವಿಗೆ ಭಾಷೆ ಬೀಳುತ್ತದೆ. ಆದರೆ ಇಲ್ಲಿಯೇ ಮುಪ್ಪಾಗುವವರಿಗೆ ಅದೊಂದೇ ಸಾಲದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಬರಲು ಸಿದ್ಧರಾಗುತ್ತಿರುವ ಕಿರಿಯರು ಅಷ್ಟು ಕಾಲ ಕಾಯಬೇಕಿಲ್ಲ.

ಆ ಹಿರಿಯರು ಮನೆಗೆ ಮರಳಿದ ದಿನ ಮೂವರು ಬಂದಿದ್ದರು. ಒಬ್ಬರು ಚೀಲ ಹಿಡಿದರು, ಒಬ್ಬರು ಗಾಲಿಕುರ್ಚಿ ತಳ್ಳಿದರು. ಮೂರನೆಯವರು ನನ್ನಿಂದ ಔಷಧಿಗಳ ವೇಳೆಯನ್ನು ಕೇಳಿ ಬರೆದುಕೊಂಡರು.