ತಂದೆಯ ರುಜು ದೊರೆಯದ ವಿದ್ಯಾರ್ಥಿ

ಕಾಲೇಜುಗಳು ತೆರೆಯುವ ಕಾಲ ಬಂದಿತೆಂದರೆ ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ತರುಣರು ಕಾದು ನಿಲ್ಲುವುದು ಬ್ರಹ್ಮಾವರದಲ್ಲಿಯೂ ವಾಡಿಕೆಯೇ. ತಂದೆ ಬಡವನಾದರೆ ಅವರ ಕೆಲಸ ಹೇಗೋ ಸಾಗುತ್ತದೆ. ಸರಕಾರದ ವಿದ್ಯಾರ್ಥಿವೇತನಗಳು ಇರುವುದು ಅಂಥವರಿಗಾಗಿಯೇ. ಆದರೆ ತಂದೆ ಇದ್ದೂ ಕೊಡದವನಾದರೆ, ಮನೆ ಬಿಟ್ಟು ಹೋದವನಾದರೆ, ಮಗಳಿಗೆ ಇಷ್ಟು ಓದು ಸಾಕೆಂದು ಕೈಕಟ್ಟಿ ಕುಳಿತವನಾದರೆ, ಆ ವಿದ್ಯಾರ್ಥಿಯ ಗತಿಯೇನು? ಕಾಗದದ ಮೇಲೆ ಅವನು ಅನುಕೂಲಸ್ಥನ ಮಗ. ಕಿಸೆಯಲ್ಲಿ ಬಸ್ಸಿನ ಚಾರ್ಜಿಗೂ ಕಾಸಿಲ್ಲ. ಇಂಥವರ ವಿಚಾರವಾಗಿ ನಮ್ಮ ಮಹಾಜನರು ಯೋಚಿಸಿದ್ದು ಬಹಳ ಕಡಮೆ.

ನಮ್ಮ ಸೀಮೆಗೆ ಈ ವಿದ್ಯಾರ್ಥಿ ಹೊಸಬನಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕಾಲೇಜೆಂದರೆ ಮಂಗಳೂರು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ತೆರೆದುದು 1949ರಲ್ಲಿ. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು 1963ರಲ್ಲಿ. ಅಲ್ಲಿಯವರೆಗೆ ಕೈಬರಿದಾದ ಹುಡುಗನು ಪರಊರಿನಲ್ಲಿ ವಾರಾನ್ನ ಹಿಡಿದನು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಅನ್ನದ ಸಂಕೋಚವನ್ನು ಉಂಡವರೇ ಬಲ್ಲರು. ಅದು ಸಿಕ್ಕುತ್ತಿದ್ದುದೂ ಜಾತಿಯ ಎಲ್ಲೆಯೊಳಗೆ ಮಾತ್ರ. ಆ ಎಲ್ಲೆಯ ಹೊರಗಿನ ಹುಡುಗರೆಷ್ಟೋ ಮಂದಿ ಮುಂಬಯಿಯ ಹಾದಿ ಹಿಡಿದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿದರು. 1902ರಲ್ಲಿ ಅಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಘಗಳು ರಾತ್ರಿಶಾಲೆ ನಡೆಸಿದುದು ಇವರಿಗಾಗಿಯೇ. ಡಾಕ್ಟರ್ ಅಂಬೇಡ್ಕರರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ನೌಕರಿ ಮಾಡುವವರೂ ಓದಲೆಂದು ತರಗತಿಗಳನ್ನು ಬೆಳಗಿನ ಹೊತ್ತಿಗೆ ಇರಿಸಿದರು.

ವಾರಾನ್ನವನ್ನು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಆದರೆ ಅನ್ನ ಬಡಿಸಿದ ಆ ತಾಯಿಯಾಗಲಿ, ಕೂಲಿ ಕೊಟ್ಟ ಹೋಟೆಲಿನ ಯಜಮಾನನಾಗಲಿ ಹುಡುಗನ ತಂದೆಯ ರುಜು ಕೇಳಲಿಲ್ಲ.

ಇಂದು ಕೇಳುವರು. ವಿಚಿತ್ರವೆಂದರೆ, ಬ್ಯಾಂಕುಗಳ ತವರೆನಿಸಿದ ಜಿಲ್ಲೆಯಿದು. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯೂ ಅಲ್ಲಿಯೇ 1925ರಲ್ಲಿ. ಈ ಎರಡನೆಯದು 1928ರಲ್ಲಿ ಪಿಗ್ಮಿ ಎಂಬ ಠೇವಣಿಯನ್ನು ಹೊರಡಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಮನೆಬಾಗಿಲಿನಲ್ಲಿಯೇ ಸಂಗ್ರಹಿಸಿತು. ಎರಡೂ 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದುವು. ಬಡವನ ಎರಡಾಣೆಯನ್ನು ನಂಬಿ ಬೆಳೆದ ನಾಡಿನಲ್ಲಿ, ಬ್ಯಾಂಕುಗಳ ಸಂಘವು ರೂಪಿಸಿದ ವಿದ್ಯಾಸಾಲದ ಮಾದರಿಯಂತೆ ನಾಲ್ಕು ಲಕ್ಷ ರೂಪಾಯಿಯವರೆಗೆ ಅಡವು ಬೇಡ, ನಿಜ; ಆದರೆ ತಂದೆಯೋ ತಾಯಿಯೋ ಜೊತೆಸಾಲಗಾರರಾಗಿ ರುಜು ಹಾಕಬೇಕು. ಮನಸ್ಸಿಲ್ಲದ ತಂದೆಯ ಮುಂದೆ ಮಗ ಪುನಃ ಕೈಯೊಡ್ಡಬೇಕು! 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ವಿದ್ಯಾಲಕ್ಷ್ಮೀ ಯೋಜನೆಯು ಅಡವನ್ನೂ ಜಾಮೀನನ್ನೂ ಬಿಟ್ಟಿತಾದರೂ ಅದು ದೇಶದ ಮೇಲ್ದರ್ಜೆಯ ಸುಮಾರು 860 ವಿದ್ಯಾಸಂಸ್ಥೆಗಳಿಗೆ ಸೀಮಿತ, ಸಾಮಾನ್ಯ ಬಿ.ಎ., ಬಿ.ಕಾಂ. ಓದುವ ಹಳ್ಳಿಯ ಹುಡುಗಿಗೆ ಅದರಿಂದ ಪ್ರಯೋಜನ ಅಲ್ಪ. ರಾಜ್ಯ ಸರಕಾರವು 2013-14ರಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ತಂದ ವಿದ್ಯಾಸಿರಿ, ಹಾಸ್ಟೆಲು ದೊರೆಯದವರ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡತೊಡಗಿತು. ಒಳ್ಳೆಯ ಕೆಲಸವೇ ಸರಿ. ಅಲ್ಲಿಯೂ ತೂಗುವುದು ಕುಟುಂಬದ ಆದಾಯವನ್ನು.

ಹಾಗಾದರೆ ದುಡಿದು ಓದಲಿ ಎನ್ನುವವರುಂಟು. ದುಡಿಯುತ್ತಲೂ ಇದ್ದಾರೆ: ಮದುವೆಯ ಅಡುಗೆಯಲ್ಲಿ ಬಡಿಸುವವರು, ಬೆಳಗಿನ ಜಾವ ಪತ್ರಿಕೆ ಹಂಚುವವರು, ಅಂಗಡಿಯ ಲೆಕ್ಕ ಬರೆಯುವವರು. ಸರಕಾರಿ ಕಾಲೇಜಿನ ಶುಲ್ಕವು ಇವರನ್ನು ಅಷ್ಟಾಗಿ ಬಾಧಿಸುವುದಿಲ್ಲ, ಬಾಧಿಸುವುದು ಹೊತ್ತು. ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕೆನ್ನುವ ನಿಯಮವು ಕೂಲಿ ಸಿಕ್ಕುವ ಹೊತ್ತನ್ನೇ ನುಂಗಿಬಿಡುತ್ತದೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಒಂದು ತಂಡವನ್ನು ನಡೆಸಲು ನಮ್ಮ ಮೂರು ತಾಲೂಕುಗಳ ಕಾಲೇಜುಗಳಿಗೆ ಅಡ್ಡಿಯೇನೆಂಬುದು ನಮಗೆ ತಿಳಿಯದು.

ಉಡುಪಿಯ ಯಕ್ಷಗಾನ ಕಲಾರಂಗವು 2005ರಲ್ಲಿ ಆರಂಭಿಸಿದ ವಿದ್ಯಾಪೋಷಕ್ ಯೋಜನೆಯ ಕಾರ್ಯಕರ್ತರು ಅರ್ಜಿದಾರರ ಮನೆಗೆ ತಾವೇ ಹೋಗಿ ಸ್ಥಿತಿಯನ್ನು ಕಣ್ಣಾರೆ ಕಂಡು ಸಹಾಯ ನೀಡುತ್ತಾರೆ. ಕಲಾಸೇವೆಗೆ ಕೂಡಿದ ಮಹನೀಯರು ಮಾಡಬಲ್ಲ ಈ ವಿಚಾರಣೆಯನ್ನು, ಊರೂರಿಗೆ ಗ್ರಾಮಲೆಕ್ಕಿಗರನ್ನು ಹೊಂದಿದ ಸರಕಾರವು ಮಾಡಲಾರದೇ? ಪೋಷಕರ ನೆರವಿಲ್ಲವೆಂದು ಪ್ರಿನ್ಸಿಪಾಲರೂ ಗ್ರಾಮ ಪಂಚಾಯತಿಯೂ ವಿಚಾರಿಸಿ ಬರೆದುಕೊಟ್ಟರೆ, ತಹಶೀಲ್ದಾರರು ವಿದ್ಯಾರ್ಥಿಯ ಸ್ವಂತ ಆದಾಯವನ್ನೇ ಗಣಿಸಿ ಪತ್ರ ಕೊಡುವಂತಾಗಬೇಕು. ದುರುಪಯೋಗದ ಭಯ ಸಹಜ. ಈಗಿನ ಪ್ರಮಾಣಪತ್ರಗಳಲ್ಲಿ ಅದು ಇಲ್ಲವೆಂದು ಯಾವ ಅಧಿಕಾರಿಯೂ ಎದೆ ತಟ್ಟಿ ಹೇಳಲಾರನಷ್ಟೆ.

ಇನ್ನೊಂದು ಮಾತು. ಶುಲ್ಕ ಕಟ್ಟುವ ಗಡುವು ಮೊದಲು, ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ಮೇಲೆ. ಈ ನಡುವಣ ಅವಧಿಗೆ ಐದು-ಆರು ಸಾವಿರ ರೂಪಾಯಿಯ ಬಡ್ಡಿಯಿಲ್ಲದ ಕೈಗಡವನ್ನು ಕೊಡಲು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಗಳು ಮನಸ್ಸು ಮಾಡಿದರೆ ಸಾಕು. ಮುಂಬಯಿಗೆ ಹೋಗಿ ಹೋಟೆಲು ಕಟ್ಟಿ ಗೆದ್ದವರು ಆ ಸಂಘಗಳಲ್ಲಿ ಕಡಮೆ ಇರಲಾರರು.