ಪೇಟೆಗೆ ಬಾರದ ಪೆಟ್ಟಿಗೆಯ ಗುಣದೋಷ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕಾಲೇಜು ಓದುವ ಹುಡುಗರಿರುವ ಮನೆ ನಿಮ್ಮದಾದರೆ ಈ ಚರ್ಚೆ ನಿಮ್ಮ ಕಿವಿಗೆ ಬಿದ್ದೇ ಇರಬೇಕು. ಟೆಲಿವಿಷನ್ನಿಗೆ ಜೋಡಿಸಿ ಆಡುವ ವಿಡಿಯೋ ಆಟದ ಪೆಟ್ಟಿಗೆ, ಅವರ ಮಾತಿನಲ್ಲಿ ಕನ್ಸೋಲ್, ಹೊಸದೊಂದು ಬರಲಿದೆಯೆಂಬ ಸುದ್ದಿ ಹೊರಟ ಕೂಡಲೇ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಬ್ಬನದು ಸೋನಿಯ ಪ್ಲೇಸ್ಟೇಷನ್ ಪಕ್ಷ. ಇನ್ನೊಬ್ಬನದು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಪಕ್ಷ. ಪೆಟ್ಟಿಗೆಯನ್ನು ಇಬ್ಬರೂ ಕಂಡಿರುವುದಿಲ್ಲ, ಅದರ ಬೆಲೆಯೂ ತಿಳಿದಿರುವುದಿಲ್ಲ. ವಾದಕ್ಕೆ ಮಾತ್ರ ಕೊರತೆಯಿಲ್ಲ. ಹಣ ಕೊಡುವವರಾದ ನೀವು ಆ ವಾದದಲ್ಲಿ ಯಾವ ಮಾತಿಗೆ ಕಿವಿಗೊಡಬೇಕು, ಯಾವುದನ್ನು ನಕ್ಕು ಬಿಡಬೇಕು ಎಂಬುದನ್ನು ಕೊಂಚ ವಿಚಾರಿಸೋಣ.

ರೇಡಿಯೋ ಕೊಂಡವರಿಗೆ ಒಂದು ದೊಡ್ಡ ಸೌಕರ್ಯವಿದೆ. ಸೆಟ್ಟು ಮರ್ಫಿಯದಾಗಲಿ ಫಿಲಿಪ್ಸಿನದಾಗಲಿ, ಕಲಬುರಗಿ ಆಕಾಶವಾಣಿ ಎರಡರಲ್ಲಿಯೂ ಕೇಳಿಸುತ್ತಿತ್ತು. ಮರ್ಫಿಯವರಿಗೊಂದು ಹಾಡು, ಫಿಲಿಪ್ಸಿನವರಿಗೊಂದು ಹಾಡು ಎಂಬ ಭೇದವಿರಲಿಲ್ಲ. ಆಟದ ಪೆಟ್ಟಿಗೆಯ ನಡೆ ಹೀಗಲ್ಲ. ಪ್ಲೇಸ್ಟೇಷನ್ನಿಗಾಗಿ ಕೊಂಡ ಆಟ ಎಕ್ಸ್‌ಬಾಕ್ಸಿನಲ್ಲಿ ನಡೆಯದು. ಅಲ್ಲಿಯದು ಇಲ್ಲಿ ನಡೆಯದು. ಕೆಲವು ಹೆಸರಾಂತ ಆಟಗಳಂತೂ ಒಂದೇ ಕಂಪನಿಯ ಸೊತ್ತಾಗಿ ಬಹುಕಾಲ ಉಳಿದುವು. ಆದುದರಿಂದ ಪೆಟ್ಟಿಗೆ ಕೊಳ್ಳುವುದೆಂದರೆ ಒಂದು ಸಾಮಾನನ್ನು ಕೊಳ್ಳುವುದಷ್ಟೇ ಅಲ್ಲ, ಆರೇಳು ವರ್ಷ ಒಂದೇ ಅಂಗಡಿಯಲ್ಲಿ ಖಾತೆ ತೆರೆದಂತೆ. ಹುಡುಗರ ಪಕ್ಷಭೇದಕ್ಕೆ ಇದೇ ಮೂಲ.

ಆದರೆ ಈ ಗೋಡೆಯೂ ಕುಸಿಯುತ್ತ ಬಂದಿದೆ. 'ಹೇಲೋ' ಎಂಬ ಯುದ್ಧದ ಆಟವಿರುವುದು ಎಕ್ಸ್‌ಬಾಕ್ಸಿಗೆ ಮಾತ್ರವೆಂದು ಎಷ್ಟೋ ಜನ ಆ ಪೆಟ್ಟಿಗೆಯನ್ನು ಆರಿಸಿದರು. ೨೦೨೦ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ಅದರೊಡನೆಯೇ ಬರಬೇಕಾಗಿದ್ದ ಹೊಸ 'ಹೇಲೋ' ಮುಂದೂಡಲ್ಪಟ್ಟು, ೨೦೨೧ರ ಡಿಸೆಂಬರಿನಲ್ಲಿ ಬಂದಿತು. ಮದುಮಗನಿಲ್ಲದೆ ದಿಬ್ಬಣ ಬಂದಂತಾಯಿತು! ೨೦೨೫ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತಾನೇ, ಮೊದಲ 'ಹೇಲೋ' ಆಟದ ಹೊಸ ರೂಪವನ್ನು ಪ್ಲೇಸ್ಟೇಷನ್ನಿಗೂ ಕೊಡುವುದಾಗಿ ಸಾರಿತು. 'ಆ ಆಟ ಇಲ್ಲಿ ಮಾತ್ರ' ಎಂಬ ಮಾತನ್ನು ಮುಂಗಡ ವಾದದಲ್ಲಿ ಯಾರಾದರೂ ಎತ್ತಿದರೆ ಅರ್ಧ ಬೆಲೆ ಕೊಡಿ, ಸಾಕು.

ಇನ್ನು ಅಂಕಿಗಳ ಮಾತು. ಹಿಂದೆ ರೇಡಿಯೋ ಅಂಗಡಿಯಲ್ಲಿ 'ಎಷ್ಟು ವಾಲ್ವು?' ಎಂದು ಕೇಳುತ್ತಿದ್ದಂತೆ ಈಗಿನವರು 'ಎಷ್ಟು ಟೆರಾಫ್ಲಾಪ್?' ಎಂದು ಕೇಳುತ್ತಾರೆ. ಚಿತ್ರ ಬಿಡಿಸುವ ಯಂತ್ರಭಾಗ ಒಂದು ಸೆಕೆಂಡಿನಲ್ಲಿ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬುದರ ಅಳತೆ ಅದು. ೨೦೨೦ರ ಮಾರ್ಚಿಯಲ್ಲಿ ಎರಡು ದಿನಗಳ ಅಂತರದಲ್ಲಿ ಎರಡೂ ಕಂಪನಿಗಳು ವಿವರ ಹೊರಗೆಡವಿದವು: ಸೀರೀಸ್ ಎಕ್ಸಿಗೆ ೧೨, ಪ್ಲೇಸ್ಟೇಷನ್ ೫ಕ್ಕೆ ೧೦.೨೮. ಎಕ್ಸ್‌ಬಾಕ್ಸ್ ಪಕ್ಷ ಕುಣಿಯಿತು. ಆದರೆ ಸಂಗ್ರಹದಿಂದ ಮಾಹಿತಿ ಎತ್ತಿಕೊಡುವ ವೇಗದಲ್ಲಿ ಪ್ಲೇಸ್ಟೇಷನ್ನಿನದು ಸೆಕೆಂಡಿಗೆ ೫.೫ ಗಿಗಾಬೈಟ್, ಎದುರಾಳಿಯದು ೨.೪, ಈಗ ಆ ಪಕ್ಷದ ಸರದಿ. ಎಂಟು ತಿಂಗಳು ಇದೇ ಜಗಳ. ಕೊನೆಗೆ ಪೆಟ್ಟಿಗೆಗಳು ಬಂದು ಒಂದೇ ಆಟವನ್ನು ಎರಡರಲ್ಲಿಯೂ ಹಚ್ಚಿ ನೋಡಿದಾಗ, ಹಲವು ಆಟಗಳಲ್ಲಿ ಸಾಮಾನ್ಯರ ಕಣ್ಣಿಗೆ ವ್ಯತ್ಯಾಸವೇ ತೋರಲಿಲ್ಲ.

ಅದಕ್ಕೆ ಕಾರಣ ಸರಳವಾಗಿದೆ. ಎರಡು ಪೆಟ್ಟಿಗೆಗಳ ಮಿದುಳನ್ನೂ ರೂಪಿಸಿದುದು ಅಮೆರಿಕದ ಎಎಂಡಿ ಎಂಬ ಒಂದೇ ಕಂಪನಿ. ಎರಡರಲ್ಲಿಯೂ ಒಂದೇ ತಳಿಯ ಎಂಟು ಕೋಶಗಳು, ಎರಡಕ್ಕೂ ೧೬ ಗಿಗಾಬೈಟ್ ಸ್ಮೃತಿ. ಒಂದೇ ಗಿರಣಿಯ ಜೋಳದ ಹಿಟ್ಟು. ಒಬ್ಬಳು ರೊಟ್ಟಿಯನ್ನು ಸ್ವಲ್ಪ ತೆಳ್ಳಗೆ ಬಡಿದಳು, ಇನ್ನೊಬ್ಬಳು ಸ್ವಲ್ಪ ಅಗಲಕ್ಕೆ ಬಡಿದಳು. ಮುಂದಿನ ಪೀಳಿಗೆಗೂ ಇದೇ ಗಿರಣಿ ಗೊತ್ತಾಗಿದೆ. ೨೦೨೫ರ ಜೂನಿನಲ್ಲಿ ಮೈಕ್ರೋಸಾಫ್ಟ್, ಅದೇ ವರ್ಷದ ಅಕ್ಟೋಬರಿನಲ್ಲಿ ಸೋನಿ, ಎಎಂಡಿಯೊಡನೆ ತಮ್ಮ ಮುಂದಿನ ಕೆಲಸವನ್ನು ಬಹಿರಂಗಪಡಿಸಿದವು. ಟೆರಾಫ್ಲಾಪಿನ ಜಗಳ ನಿಮ್ಮ ಪಡಸಾಲೆಯಲ್ಲಿ ಮತ್ತೆ ಎದ್ದರೆ ಚಹಾ ಕುಡಿಯುತ್ತ ಕೇಳಬಹುದು. ಅದರ ಮೇಲೆ ಹಣ ಎಣಿಸಬೇಕಾಗಿಲ್ಲ.

ಹಾಗಾದರೆ ಹಣ ಎಣಿಸುವ ಮುನ್ನ ನೋಡಬೇಕಾದುದು ಯಾವುದು? ಕೊಂಡ ಆಟ ನಿಮ್ಮದಾಗಿ ಉಳಿಯುವುದೇ ಎಂಬುದು. ಇದಕ್ಕೆ ೨೦೧೩ರ ಪ್ರಸಂಗವನ್ನು ತಿಳಿಯಬೇಕು. ಆ ವರ್ಷ ಎಕ್ಸ್‌ಬಾಕ್ಸ್ ಒನ್ ಎಂಬ ಪೆಟ್ಟಿಗೆಯ ನಿಯಮಗಳು ಹೊರಬಂದವು. ೨೪ ಗಂಟೆಗೊಮ್ಮೆಯಾದರೂ ಅದನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಕು, ಇಲ್ಲವಾದರೆ ಆಟ ನಿಲ್ಲುವುದು. ಡಿಸ್ಕನ್ನು ಗೆಳೆಯನಿಗೆ ಕೊಡುವುದಕ್ಕೂ ಮಾರುವುದಕ್ಕೂ ಕಟ್ಟುಪಾಡು. ಸೋನಿಯವರು ಜೂನ್ ೧೦ರಂದು ಅಮೆರಿಕದಲ್ಲಿ ತಮ್ಮ ಪ್ಲೇಸ್ಟೇಷನ್ ೪ರ ಬೆಲೆ ೩೯೯ ಡಾಲರ್ ಎಂದರು, ಎದುರಾಳಿಯದು ೪೯೯. ಜೊತೆಗೆ 'ಆಟವನ್ನು ಹಂಚಿಕೊಳ್ಳುವ ಬಗೆ' ಎಂದೊಂದು ಪುಟ್ಟ ಚಿತ್ರವನ್ನೂ ಬಿಟ್ಟರು. ಅದರಲ್ಲಿ ಒಬ್ಬನು ಇನ್ನೊಬ್ಬನ ಕೈಗೆ ಡಿಸ್ಕನ್ನು ಕೊಡುತ್ತಾನೆ. ಚಿತ್ರ ಅಲ್ಲಿಗೆ ಮುಗಿಯಿತು. ಒಂಬತ್ತು ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಹಿಂತೆಗೆದುಕೊಂಡಿತು. ನ್ಯಾಯವಾಗಿ ಹೇಳಬೇಕಾದರೆ, ಮನೆಮಂದಿ ಹತ್ತು ಜನ ಒಂದೇ ಆಟದ ಭಂಡಾರವನ್ನು ಬಳಸುವ ಅನುಕೂಲವನ್ನೂ ಆ ಯೋಜನೆಯಲ್ಲಿ ಹೇಳಿದ್ದರು. ಕಟ್ಟುಪಾಡಿನೊಡನೆ ಅದೂ ಹೋಯಿತು.

ಗ್ರಾಹಕರು ಪೆಟ್ಟಿಗೆ ಹೊರಬರುವ ಮುಂಚೆಯೇ ವಾದಿಸಿ ಗೆದ್ದ ಪ್ರಸಂಗವಿದು. ಮುಂಗಡ ಚರ್ಚೆಯೆಲ್ಲ ಹರಟೆಯೆಂದು ತಳ್ಳಿಬಿಡಲು ಆಗದಿರುವುದು ಇದರಿಂದಲೇ. ನಮ್ಮ ಊರುಗಳಿಗಂತೂ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಓಣಿಯಲ್ಲಿ ಒಂದು ಮಾಸಪತ್ರಿಕೆ ನಾಲ್ಕು ಮನೆ ಸುತ್ತುವಂತೆ, ನಾಲ್ಕು ಸಾವಿರ ರೂಪಾಯಿಯ ಒಂದು ಡಿಸ್ಕು ನಾಲ್ಕು ಹುಡುಗರ ನಡುವೆ ಸುತ್ತಬಲ್ಲದು. ಆಡಿ ಬೇಸರವಾದರೆ ಮಾರಬಹುದು. ಡಿಸ್ಕಿನ ಕಿಂಡಿಯೇ ಇಲ್ಲದ ಪೆಟ್ಟಿಗೆ ಅಗ್ಗವಾಗಿ ಕಾಣುತ್ತದೆ. ೨೦೨೧ರಲ್ಲಿ ಪ್ಲೇಸ್ಟೇಷನ್ ೫ ಇಲ್ಲಿ ಡಿಸ್ಕು ಸಹಿತ ೪೯,೯೯೦ ರೂಪಾಯಿ, ರಹಿತ ೩೯,೯೯೦ ಇತ್ತು. ಆ ಉಳಿತಾಯವು ಕೆಲವೇ ಆಟಗಳಲ್ಲಿ ಕರಗಿಹೋಗುವುದನ್ನು ನೀವೇ ಲೆಕ್ಕ ಹಾಕಬಹುದು.

ಕಿಂಡಿಯಿಲ್ಲದ ಪೆಟ್ಟಿಗೆಗೆ ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ದೊಡ್ಡ ಆಟವೊಂದು ೧೦೦ ಗಿಗಾಬೈಟ್ ಆಗುವುದು ಅಪರೂಪವಲ್ಲ. ಸೆಕೆಂಡಿಗೆ ೪೦ ಮೆಗಾಬಿಟ್ಟಿನ ಲೈನಿದ್ದರೆ ಐದೂವರೆ ಗಂಟೆ ಹಿಡಿಯುತ್ತದೆ, ಅದೂ ಕರೆಂಟು ಹೋಗದಿದ್ದರೆ. ದಿನಕ್ಕೆ ಒಂದೂವರೆ ಗಿಗಾಬೈಟ್ ಕೊಡುವ ಮೊಬೈಲ್ ಫೋನನ್ನೇ ನಂಬಿದರೆ ೬೭ ದಿನ! ಡಿಸ್ಕೆಂದರೂ ಪೂರ್ಣ ಬಿಡುಗಡೆಯಿಲ್ಲ, ತಿದ್ದುಪಡಿಗಳನ್ನು ಇಳಿಸಬೇಕಾಗುತ್ತದೆ. ೨೦೨೫ರ ಜೂನ್ ೫ರಂದು ಹೊರಬಂದ ನಿಂಟೆಂಡೋ ಸ್ವಿಚ್ ೨ರಲ್ಲಿ ಇನ್ನೊಂದು ಚಮತ್ಕಾರವಿದೆ. ಕೆಲವು ಆಟಗಳ ಕಾರ್ಡಿನೊಳಗೆ ಆಟವೇ ಇಲ್ಲ, ಅದನ್ನು ಇಳಿಸಿಕೊಳ್ಳುವ ಅನುಮತಿ ಮಾತ್ರ ಇದೆ. ಬೀಗದಕೈ ಕೊಂಡು ಮನೆ ಹುಡುಕಿದಂತೆ. ಅದನ್ನು ಇನ್ನೊಬ್ಬರಿಗೆ ಕೊಡಬಹುದೆಂಬುದಷ್ಟೇ ಸಮಾಧಾನ.

'ಅವಸರವೇಕೆ, ಬೆಲೆ ಇಳಿಯಲಿ' ಎಂಬ ಹಿರಿಯರ ಮಾತು ಬಹುಕಾಲ ಸರಿಯಾಗಿತ್ತು. ಈ ಪೀಳಿಗೆಯಲ್ಲಿ ತಲೆಕೆಳಗಾಯಿತು. ಅದೇ ಪ್ಲೇಸ್ಟೇಷನ್ ೫ರ ಬೆಲೆ ೨೦೨೨ರ ನವೆಂಬರಿನಲ್ಲಿ ೫೪,೯೯೦ಕ್ಕೆ ಏರಿತು. ಕಾಯುವುದಂತೂ ನಮಗೆ ತಪ್ಪಿದ್ದಲ್ಲ. ಅಮೆರಿಕದಲ್ಲಿ ೨೦೨೦ರ ನವೆಂಬರ್ ೧೨ರಂದು ಬಂದುದು ಭಾರತಕ್ಕೆ ಬಂದುದು ೨೦೨೧ರ ಫೆಬ್ರವರಿ ೨ರಂದು. ೨೦೨೪ರ ನವೆಂಬರಿನ ಪ್ಲೇಸ್ಟೇಷನ್ ೫ ಪ್ರೊ ಆಗ ಇಲ್ಲಿಗೆ ಬರಲೇ ಇಲ್ಲ. ಅದರ ವೈಫೈ ಬಳಸುವ ೬ ಗಿಗಾಹರ್ಟ್ಸ್ ತರಂಗಪಟ್ಟಿಗೆ ಇಲ್ಲಿ ಆಗ ಅನುಮತಿಯಿರಲಿಲ್ಲವೆಂಬುದು ಕಂಪನಿ ಕೊಟ್ಟ ಕಾರಣ. ತರಂಗಾಂತರದ ತೊಡಕೆಂದರೆ ಏನೆಂದು ರೇಡಿಯೋ ಇಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಷಗಳ ವಾದದಲ್ಲಿ ಎಂದೂ ಬಾರದ ಒಂದು ಅಂಕಿಯನ್ನು ಹೇಳಲೇಬೇಕು. ಪ್ಲೇಸ್ಟೇಷನ್ ೫ ಕೆಲಸ ಮಾಡಬೇಕಾದ ಉಷ್ಣತೆ ೫ರಿಂದ ೩೫ ಡಿಗ್ರಿ ಎಂದು ತಯಾರಕರೇ ಬರೆದಿದ್ದಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪಾದರಸ ೪೦ನ್ನು ದಾಟುತ್ತದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಬಂಡೆಗಳು ಸಂಜೆಯವರೆಗೂ ಕಾದಿರುವ ಕಾಲ ಅದು. ಹುಡುಗರಿಗೆ ರಜೆಯ ಕಾಲವೂ ಅದೇ. ಪೆಟ್ಟಿಗೆಯನ್ನು ಗಾಜಿನ ಕಪಾಟಿನೊಳಗೆ ಇಟ್ಟು ಮೇಲೆ ಕಸೂತಿಯ ಬಟ್ಟೆ ಹೊದಿಸುವ ನಮ್ಮ ರೂಢಿ ಇಲ್ಲಿ ಸಲ್ಲದು. ನಾಲ್ಕು ಕಡೆ ಗಾಳಿ ಆಡಬೇಕು, ಆಟ ಬೆಳಗಿನ ತಂಪಿಗೆ ಅಥವಾ ರಾತ್ರಿಗೆ ಮೀಸಲಾಗಬೇಕು.

ಮುಂದಿನ ಪೆಟ್ಟಿಗೆಗಳ ಸುದ್ದಿ ಬಂದಾಗ ಮನೆಯ ಎರಡೂ ಪಕ್ಷಗಳಿಗೆ ನೀವು ಹಾಕಬಹುದಾದ ಪ್ರಶ್ನೆಗಳು ಹೀಗಿವೆ. ಇಂಟರ್‌ನೆಟ್ ಇಲ್ಲದ ದಿನವೂ ಅದು ನಡೆಯುವುದೇ? ಕೆಟ್ಟರೆ ಯಾವ ಊರಿಗೆ ಕಳುಹಿಸಬೇಕು? ಹಳೆಯ ಆಟಗಳು ನಡೆಯುವುವೇ? ಈಗಿರುವ ಎಕ್ಸ್‌ಬಾಕ್ಸ್ ಆಟಗಳು ತನ್ನ ಮುಂದಿನ ಪೆಟ್ಟಿಗೆಯಲ್ಲಿಯೂ ನಡೆಯುವುವೆಂದು ಮೈಕ್ರೋಸಾಫ್ಟ್ ೨೦೨೫ರ ಜೂನಿನಲ್ಲಿ ಹೇಳಿದೆ. ಸರಿ, ಆದರೆ ಕಪಾಟಿನಲ್ಲಿರುವ ಡಿಸ್ಕುಗಳನ್ನು ತೂರಿಸಲು ಅದರಲ್ಲಿ ಕಿಂಡಿ ಇರುವುದೇ ಎಂದು ಕೇಳಿ ನೋಡಿ.