ಅವ್ವನ ಹೆಗಲು ನೋವಿನ ಗುಟ್ಟು

ಗಜೇಂದ್ರಗಡದಲ್ಲಿ ಸಂಬಂಧಿಕರ ಮದುವೆ. ಹೋಳಿಗೆ, ತುಪ್ಪ, ಮಿರ್ಚಿ ಭಜಿಯ ಊಟ. ರಾತ್ರಿ ರೋಣದ ಮನೆಗೆ ಬಂದ ಮೇಲೆ ಅವ್ವ ಬಲ ಹೆಗಲು ಹಿಡಿದುಕೊಂಡು ಕುಳಿತಳು. ‘ರೊಟ್ಟಿ ಬಡದು ಬಡದು ಕೈ ಸೋತೈತಿ ಬಿಡಬೇ ಯವ್ವಾ’ ಎಂದು ಮುಲಾಮು ಹಚ್ಚಿ ನಾನು ಮಲಗಿಬಿಟ್ಟೆ.

ಹೀಗೇ ಮೂರು ತಿಂಗಳು ಕಳೆದವು. ‘ಎಣ್ಣಿ ಪದಾರ್ಥ ತಿಂದ ದಿನಾನ ನೋವು ಬರ್ತೈತಲ್ಲೋ, ಒಮ್ಮೆ ಡಾಕ್ಟರಿಗೆ ತೋರಸಪಾ’ ಎಂದು ಎಚ್ಚರಿಸಿದ್ದು ನರಗುಂದದ ಚಿಗವ್ವ. ಗದಗಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲು. ಹೆಗಲಿಗೆ ಏನೂ ಆಗಿರಲಿಲ್ಲ!

ಹೊಟ್ಟೆಯೊಳಗಿನ ಕಲ್ಲಿಗೆ ಹೆಗಲೇಕೆ ನೋಯಬೇಕು? ಬಿಇ ಎಲೆಕ್ಟ್ರಾನಿಕ್ಸ್ ಓದುವ ನಾನು ಅಂದು ಮೆಡಿಕಲ್ ಓದುವ ಗೆಳೆಯನ ಪುಸ್ತಕ ತೆರೆದೆ.

ಲಿವರ್ ಕೆಳಗಿರುವ ಪಿತ್ತಕೋಶ ಹಿಡಿಯುವುದು 30ರಿಂದ 50 ಮಿ.ಲೀ. ಪಿತ್ತರಸವನ್ನು ಮಾತ್ರ. ಜಿಡ್ಡು ಸಣ್ಣ ಕರುಳಿಗೆ ಇಳಿದೊಡನೆ ಕೊಲಿಸಿಸ್ಟೊಕೈನಿನ್ ಹಾರ್ಮೋನ್ ಹೊರಡುತ್ತದೆ. ಅದರ ಜೊತೆಗೆ ವೇಗಸ್ ನರವೂ ಸೇರಿ ಪಿತ್ತಕೋಶವನ್ನು ಹಿಂಡಿಸುತ್ತದೆ. ಸಿಂಪಥೆಟಿಕ್ ನರಗಳು ಅದನ್ನು ಸಡಿಲಿಸುತ್ತವೆ, ನೋವಿನ ಸುದ್ದಿಯನ್ನೂ ಒಯ್ಯುತ್ತವೆ. ಬಾಯಿಗೆ ಕಲ್ಲು ಸಿಕ್ಕಿಕೊಂಡಾಗ ಹಿಂಡಿದರೆ ನೋವು ಬಾರದೇ ಇದ್ದೀತೆ?

ಬಲ ಫ್ರೆನಿಕ್ ನರದ ಎಳೆಗಳೂ ಪಿತ್ತಕೋಶದವರೆಗೆ ಬರುತ್ತವೆ. ಈ ನರ ಹುಟ್ಟುವುದು ಕತ್ತಿನ 3, 4, 5ನೇ ಮಟ್ಟದಲ್ಲಿ. ಹೆಗಲ ಚರ್ಮದ ನರಗಳು ಬಂದು ಸೇರುವುದೂ ಅಲ್ಲಿಗೇ. ಒಂದೇ ಪಿನ್ನಿಗೆ ಎರಡು ಸೆನ್ಸರ್ ಜೋಡಿಸಿದರೆ ಸಂಕೇತ ಯಾವುದರದ್ದೆಂದು ಕಂಟ್ರೋಲರ್‌ಗೆ ತಿಳಿಯುವುದಿಲ್ಲ. ಮಿದುಳಿಗೂ ಅದೇ ಗೊಂದಲ.

ಅವ್ವನಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದು ನರಗಳನ್ನು ಕೆಡಿಸಿದರೆ ಪಿತ್ತಕೋಶ ಸರಿಯಾಗಿ ಹಿಂಡದೆ, ಪಿತ್ತರಸ ನಿಂತ ನೀರಿನಂತಾಗಿ ಕಲ್ಲು ಕಟ್ಟಲು ದಾರಿಯಾಗುತ್ತದೆ. ಕೆಲವರಿಗೆ ನೋವೇ ಮಂದವಾಗಿ ರೋಗ ಒಳಗೊಳಗೇ ಬೆಳೆಯುತ್ತದೆ. ಹಿಂದೆ ಹೊಟ್ಟೆಹುಣ್ಣಿಗೆಂದು ವೇಗಸ್ ನರ ಕತ್ತರಿಸಿಕೊಂಡವರಲ್ಲೂ ಪಿತ್ತಕೋಶ ಹಿಗ್ಗಿ ಕಲ್ಲಾದದ್ದುಂಟು.

ಲ್ಯಾಪ್ರೊಸ್ಕೋಪಿ ಮೂಲಕ ಅವ್ವನ ಪಿತ್ತಕೋಶ ತೆಗೆದರು. ಮರುದಿನ ಮತ್ತೆ ಹೆಗಲು ನೋವು! ಅವ್ವನ ಕಣ್ಣಲ್ಲಿ ನೀರು. ಶಸ್ತ್ರಚಿಕಿತ್ಸೆಗೆಂದು ಹೊಟ್ಟೆಗೆ ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು ಕೆಣಕಿದರೆ ಅದೇ ಫ್ರೆನಿಕ್ ನರ ಹೆಗಲಿಗೆ ದೂರು ಹೇಳುತ್ತದೆ ಎಂದು ವೈದ್ಯರು ಧೈರ್ಯ ತುಂಬಿದರು. ಎರಡು ದಿನದಲ್ಲಿ ಅದು ಕಡಿಮೆಯಾಯಿತು.

ಗೆಳೆಯರೇ, ಊಟದ ನಂತರ ಮನೆಯ ಹಿರಿಯರು ಹೊಟ್ಟೆಯ ಬಲ ಮೇಲ್ಭಾಗ, ಬೆನ್ನು, ಹೆಗಲು ನೋವೆಂದರೆ ಮುಲಾಮು ಹಚ್ಚಿ ಸುಮ್ಮನಾಗಬೇಡಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಾಸ್ಟೆಲಿನಿಂದ ಫೋನ್ ಮಾಡಿದಾಗ ನಾನೀಗ ‘ಊಟ ಆತೇನಬೇ?’ ಎಂದಷ್ಟೇ ಕೇಳುವುದಿಲ್ಲ. ‘ಎಲ್ಲಿ ನೋಯ್ತೈತಿ, ಯಾವಾಗ ನೋಯ್ತೈತಿ?’ ಎಂದೂ ಕೇಳುತ್ತೇನೆ.